ಪಾಸ್ಕಲನಿಗೆ ಸಿಕ್ಕ ಪದಕ

ಶಿರ್ವದ ಕ್ಯಾಸ್ಮಿರನಿಗೆ ಬರುತ್ತಿದ್ದ ಅರಬ್ಬಿ ಒಟ್ಟು ಮೂವತ್ತೋ ನಲವತ್ತೋ ಶಬ್ದ. ಅಂಗಡಿಗೆ ಅಷ್ಟು ಸಾಕು, ಚೆಕ್‌ಪೋಸ್ಟಿನ ಪೊಲೀಸರಿಗೂ ಸಾಕು. ಅದರಲ್ಲಿ ಮೂರೇ ಮೂರು ಶಬ್ದ ಹಿಡಿದುಕೊಂಡು ಅವನು ಒಂದು ಶುಕ್ರವಾರ ಮಧ್ಯಾಹ್ನ ಎರಡು ಊರಿನ ಜನರನ್ನು ನೀರಿನ ಬಾಯಿಂದ ಎಬ್ಬಿಸಿದ. ಅದಕ್ಕೆ ಸುಲ್ತಾನರ ಹೆಸರಿನ ಪದಕವೂ ಬಂತು. ಆದರೆ ಬಂದದ್ದು ಅವನಿಗಲ್ಲ.

ಆಗ ಅವನಿಗೆ ಇಪ್ಪತ್ತೊಂಬತ್ತು ವರ್ಷ. ಮಸ್ಕತ್ತಿನಿಂದ ಮೂರು ಗಂಟೆ ದೂರದ ಬೆಟ್ಟದ ಸಾಲಿನಲ್ಲಿ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್. ಅದರ ನಿರ್ವಹಣೆಯ ಗುತ್ತಿಗೆ ಹಿಡಿದಿದ್ದ ಕಂಪನಿಯಲ್ಲಿ ಕ್ಯಾಸ್ಮಿರ್ ಟೆಕ್ನಿಷಿಯನ್. ಗುಡ್ಡದ ಮೇಲೆ ಸಿಮೆಂಟಿನ ಒಂದು ಪೆಟ್ಟಿಗೆಯಂಥ ಕಟ್ಟಡ, ಎರಡು ಕೋಣೆ. ಒಂದರಲ್ಲಿ ಯಂತ್ರ, ಇನ್ನೊಂದರಲ್ಲಿ ಮನುಷ್ಯರು. ಯಂತ್ರಕ್ಕೆ ಏಸಿ ಇತ್ತು, ಮನುಷ್ಯರಿಗೆ ಇರಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಇಬ್ಬರೂ ಯಂತ್ರದ ಕೋಣೆಯಲ್ಲೇ ಚಾಪೆ ಹಾಸುತ್ತಿದ್ದರು.

ಇಬ್ಬರು ಅಂದರೆ ಕ್ಯಾಸ್ಮಿರ್ ಮತ್ತು ಕಿನ್ನಿಗೋಳಿಯ ಪಾಸ್ಕಲ್. ಪಾಸ್ಕಲ್ ಒಂದು ವರ್ಷಕ್ಕೆ ಚಿಕ್ಕವನು. ಮಾತುಗಾರ. ಅರಬ್ಬಿಯನ್ನು ನೀರು ಕುಡಿದ ಹಾಗೆ ಕಲಿತಿದ್ದ. ಬಂದ ಆರು ತಿಂಗಳಲ್ಲೇ ಪೇಟೆಯ ಅಂಗಡಿಯವರ ಜೊತೆ ತಮಾಷೆ ಮಾಡಿ ನಗುವಷ್ಟು. ಕ್ಯಾಸ್ಮಿರ್ ಅಡುಗೆ ಮಾಡುವವನು, ಪಾಸ್ಕಲ್ ಮಾತಾಡುವವನು. ನಾಲ್ಕು ವರ್ಷ ಒಂದೇ ಬಟ್ಟಲಿನ ಗಂಜಿ ಉಂಡರು. ಎಂಬತ್ತೇಳರ ಜನವರಿಯಲ್ಲಿ ಕ್ಯಾಸ್ಮಿರನ ಮದುವೆಯಾದಾಗ ಪಾಸ್ಕಲ್ ರಜೆ ಹಾಕಿ ಊರಿಗೆ ಬಂದು ಮದುಮಗನ ಪಕ್ಕ ಬೆಸ್ಟ್‌ಮ್ಯಾನ್ ಆಗಿ ನಿಂತಿದ್ದ. ಆ ಫೋಟೋ ಎಕ್ಸ್‌ಚೇಂಜಿನ ಗೋಡೆಯ ಮೇಲೆ, ಗಿರಾಕಿಗಳ ಪಟ್ಟಿಯ ಪಕ್ಕದಲ್ಲೇ ಇತ್ತು.

ಪಟ್ಟಿಯಲ್ಲಿದ್ದದ್ದು ನಲವತ್ತೊಂದು ನಂಬರು. ಗುಡ್ಡದ ಕೆಳಗೆ ಹಾದು ಹೋಗುವ ವಾದಿಯ ದಂಡೆಯಲ್ಲಿ, ಹತ್ತು ಹನ್ನೆರಡು ಕಿಲೋಮೀಟರ್ ಆಚೆ, ಖರ್ಜೂರದ ತೋಟಗಳ ನಡುವೆ ಎರಡು ಊರು. ಫೋನುಗಳೆಲ್ಲ ಅಲ್ಲಿಯವು. ವಾದಿ ಅಂದರೆ ಒಣ ಹೊಳೆ. ವರ್ಷಗಟ್ಟಲೆ ಬರೀ ಕಲ್ಲು. ಮೇಲಿನ ಬೆಟ್ಟದಲ್ಲಿ ಮಳೆ ಬಂದರೆ ಮಾತ್ರ ಅದೇ ಕಲ್ಲಿನ ಮೇಲೆ ಗೋಡೆಯಂಥ ನೀರು ಬರುತ್ತದೆ. ಆ ನೀರಿಗೂ ಅಲ್ಲಿನವರು ವಾದಿ ಅಂತಲೇ ಹೇಳುವುದು.

ಅದೇ ವರ್ಷ ಮಾರ್ಚಿನ ಒಂದು ಗುರುವಾರ ಸಂಜೆ ಪಾಸ್ಕಲ್ ಅಂಗಿಗೆ ಇಸ್ತ್ರಿ ಹಾಕುತ್ತ ಹೇಳಿದ, “ನಾಳೆ ನನ್ನ ಡ್ಯೂಟಿ ನೀನು ನೋಡಿಕೊ ಮಾರಾಯ. ಮಸ್ಕತ್ತಿನ ರೂವಿಯಲ್ಲಿ ಒಬ್ಬನನ್ನು ಕಾಣಲಿಕ್ಕುಂಟು. ಫ್ಯಾಮಿಲಿ ವೀಸಾ ಮಾಡಿಸಿಕೊಡ್ತೇನೆ ಅಂತಾನೆ.”

ಊರಿನಲ್ಲಿ ಪಾಸ್ಕಲನ ಹೆಂಡತಿ ಗ್ರೆಟ್ಟಾ ಬಸುರಿ. ಅವಳನ್ನು ಕರೆಸಿಕೊಳ್ಳಬೇಕೆಂಬ ಹುಚ್ಚು ಅವನಿಗೆ ಹಿಡಿದು ಎಷ್ಟೋ ತಿಂಗಳಾಗಿತ್ತು. ಅವರ ಮಟ್ಟದ ಕೆಲಸದವರಿಗೆ ಫ್ಯಾಮಿಲಿ ಸ್ಟೇಟಸ್ ಎಲ್ಲಿಂದ? ಆದರೂ ಆಸೆ. ಅನುಮತಿಯಿಲ್ಲದೆ ಸ್ಟೇಷನ್ ಬಿಟ್ಟರೆ ಕೆಲಸ ಹೋಗುತ್ತದೆ. ಹಾಗಾಗಿ ಹಿಂದೆ ಎರಡು ಸಲ ಮಾಡಿದಂತೆ ಈ ಸಲವೂ ಕ್ಯಾಸ್ಮಿರ್ ಶುಕ್ರವಾರ ಬೆಳಿಗ್ಗೆ ಡ್ಯೂಟಿ ರಿಜಿಸ್ಟರಿನಲ್ಲಿ ಪಾಸ್ಕಲನ ಹೆಸರು ಬರೆದು, ಅವನ ಸಹಿಯನ್ನೂ ಹಾಕಿಟ್ಟ. ಆ ಸಹಿ ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮಧ್ಯಾಹ್ನ ಒಂದೂಮುಕ್ಕಾಲು. ಮೀನು ಸಾರಿಗೆ ಹುಣಿಸೆ ಹಿಂಡುತ್ತಿದ್ದ ಕ್ಯಾಸ್ಮಿರನಿಗೆ ಗುಡ್ಡದ ಕೆಳಗಿನಿಂದ ಲಾರಿ ಓಡಿದಂಥ ಸದ್ದು ಕೇಳಿತು. ಹೊರಗೆ ಬಂದು ನೋಡಿದರೆ ರಸ್ತೆ ಇಲ್ಲ. ರಸ್ತೆ ವಾದಿಯನ್ನು ದಾಟುವ ಕಡೆ ಕಂದು ನೀರು, ಅದರಲ್ಲಿ ಒಂದು ಇಡೀ ಮರ ಬೇರು ಮೇಲಾಗಿ ಹೋಗುತ್ತಿತ್ತು. ಇವನ ತಲೆಯ ಮೇಲೆ ಒಂದು ಹನಿ ಮಳೆ ಇಲ್ಲ, ಬಿಸಿಲು ಬೆಳ್ಳಗೆ ಹೊಡೆಯುತ್ತಿತ್ತು.

ಕೆಳಗಿನ ಊರುಗಳಲ್ಲಿ ಈಗ ನಮಾಜು ಮುಗಿದು ಊಟ ಮುಗಿದು ಎಲ್ಲರೂ ಮಲಗಿರುತ್ತಾರೆ. ನೀರು ಅಲ್ಲಿಗೆ ಮುಟ್ಟಲು ನಲವತ್ತು ನಿಮಿಷವೋ ಏನೋ. ಫೋನು ನಲವತ್ತೊಂದು.

ಒಳಗೆ ಓಡಿ ಟೆಸ್ಟಿಂಗ್ ಸೆಟ್ ಕಿವಿಗೆ ಹಚ್ಚಿ ಒಂದನೇ ನಂಬರು ತಿರುಗಿಸಿದ. ಒಬ್ಬ ಗಂಡಸು ನಿದ್ದೆಗಣ್ಣಿನಲ್ಲಿ ಏನೋ ಅಂದ. ಕ್ಯಾಸ್ಮಿರನಿಗೆ ವಾಕ್ಯ ಕಟ್ಟಲು ಬರಲಿಲ್ಲ. “ವಾದಿ! ವಾದಿ ಜಾಯಿ! ಫೌಕ್, ಫೌಕ್!” ಅಂತ ಕಿರಿಚಿದ. ಹೊಳೆ ಬರ್ತಾ ಉಂಟು, ಮೇಲೆ ಹೋಗಿ ಮೇಲೆ, ಅಷ್ಟೇ ಅರ್ಥ. ಆ ಕಡೆಯವನಿಗೆ ತಿಳಿಯಿತು. ಫೋನು ಬಿದ್ದ ಸದ್ದು, ಹೆಂಗಸರನ್ನು ಕೂಗುವ ಸದ್ದು. ಕ್ಯಾಸ್ಮಿರ್ ಮುಂದಿನ ನಂಬರಿಗೆ ಹೋದ. ಪಟ್ಟಿಯ ಮೇಲೆ ಪೆನ್ಸಿಲಿನಿಂದ ಒಂದೊಂದೇ ಗೀಟು ಹಾಕುತ್ತ, ಮೂರು ಶಬ್ದ ಕೂಗುತ್ತ, ಗಂಟಲು ಒಡೆದು ಕೊನೆಗೆ ಬರೀ ಗಾಳಿ ಬರುವವರೆಗೆ.

ಹದಿನೇಳನೇ ನಂಬರು ಎತ್ತಲಿಲ್ಲ.

ಅದು ಶಂಸಾ ಅಂತ ಒಬ್ಬ ಮುದುಕಿಯ ಮನೆ. ಮಗ ಖಲ್ಫಾನ್ ಮಸ್ಕತ್ತಿನಲ್ಲಿ ಸರಕಾರಿ ಡ್ರೈವರ್. ತಾಯಿಯ ದನಿ ಕೇಳಲಿಕ್ಕೆ ಅಂತ ಫೋನು ಹಾಕಿಸಿದ್ದ. ಮುದುಕಿಗೆ ಮಂಡಿನೋವು. ಹದಿನೈದು ದಿನದ ಹಿಂದೆ ಆ ಮನೆಗೆ ರಿಪೇರಿಗೆ ಹೋದಾಗ ಅವಳು ಕ್ಯಾಸ್ಮಿರನಿಗೆ ಖರ್ಜೂರ ಕೊಟ್ಟು, ಫೋನನ್ನು ಗೋಡೆಯಿಂದ ಇಳಿಸಿ ತನ್ನ ಚಾಪೆಯ ಹತ್ತಿರ ಇಡು ಅಂತ ಕೈಸನ್ನೆಯಲ್ಲಿ ಕೇಳಿದ್ದಳು. ಅಷ್ಟು ಉದ್ದದ ವೈರು ಅವತ್ತು ಅವನಲ್ಲಿ ಇರಲಿಲ್ಲ. ‘ಬುಕ್ರಾ’ ಅಂದಿದ್ದ, ನಾಳೆ ತರ್ತೇನೆ ಅಂತ. ಆ ನಾಳೆ ಬಂದಿರಲಿಲ್ಲ.

ಅವಳು ಎದ್ದು ಫೋನಿನ ತನಕ ಬರಲು ಹೊತ್ತು ಬೇಕೆಂದು ಅವನಿಗೆ ಗೊತ್ತಿತ್ತು. ಆದರೂ ಆರು ರಿಂಗು ಕೇಳಿ, ಕೊನೆಗೆ ಮತ್ತೆ ಮಾಡುವ ಅಂತ ಬಿಟ್ಟು ಹದಿನೆಂಟಕ್ಕೆ ಹೋದ. ನಲವತ್ತೊಂದನೆಯದು ಮುಗಿಸಿ ಹದಿನೇಳಕ್ಕೆ ವಾಪಸು ಬಂದಾಗ ಲೈನು ಸತ್ತಿತ್ತು.

ಆ ದಿನ ಎರಡೂ ಊರಿನಲ್ಲಿ ಅರವತ್ತು ಮನೆ ಬಿತ್ತು, ತೋಟಗಳು ನೆಲಸಮವಾದವು. ಫೋನಿಲ್ಲದ ಮನೆಗಳವರನ್ನು ನೆರೆಯವರು ಎಬ್ಬಿಸಿದ್ದರು. ಸತ್ತವಳು ಶಂಸಾ ಒಬ್ಬಳೇ.

ಪಾಸ್ಕಲ್ ತಿರುಗಿ ಬಂದದ್ದು ರಸ್ತೆ ತೆರೆದ ಮೇಲೆ, ಮೂರನೇ ದಿನ. ಕಟ್ಟಡದ ತಾರಸಿಯ ಮೇಲೆ ಕೂತು ಕ್ಯಾಸ್ಮಿರ್ ಅವನಿಗೆ ಎಲ್ಲ ಹೇಳಿದ. ವೈರಿನ ವಿಷಯ, ಆರು ರಿಂಗಿನ ವಿಷಯ. ಹೇಳುತ್ತ ಅತ್ತ. “ಹತ್ತು ರಿಂಗು ಬಿಟ್ಟಿದ್ದರೆ ಎತ್ತುತ್ತಿದ್ದಳೋ ಏನೋ ಪಾಸ್ಕಲ್.” ಪಾಸ್ಕಲ್ ಅವನ ಬೆನ್ನಿನ ಮೇಲೆ ಕೈ ಇಟ್ಟು, ಕತ್ತಲಾಗುವವರೆಗೆ ತೆಗೆಯಲಿಲ್ಲ. “ನೀನು ನಲವತ್ತು ಮನೆಯವರನ್ನು ಉಳಿಸಿದ್ದಿ” ಅಂದ. ಆ ಕೈ ಸುಳ್ಳಾಗಿರಲಿಲ್ಲ. ಕ್ಯಾಸ್ಮಿರ್ ಇವತ್ತಿಗೂ ಹಾಗೇ ಹೇಳುತ್ತಾನೆ.

ಎರಡು ತಿಂಗಳ ಬಳಿಕ ಕಂಪನಿಯ ಮ್ಯಾನೇಜರ್ ಕಾರಿನಲ್ಲಿ ಬಂದ. ಕೆಳಗಿನ ಊರಿನ ಶೇಖ್ ಜಿಲ್ಲಾಧಿಕಾರಿಯಂಥ ವಾಲಿಗೆ ಬರೆದು, ವಾಲಿ ಮಸ್ಕತ್ತಿಗೆ ಬರೆದಿದ್ದನಂತೆ. ಫೋನಿನಲ್ಲಿ ಕೂಗಿದ ಆ ದನಿ ಯಾರದು? ಅವನಿಗೆ ಸರಕಾರ ಗೌರವ ಮಾಡಬೇಕು. ಕಂಪನಿಯವರು ರಿಜಿಸ್ಟರ್ ತರಿಸಿ ನೋಡಿದರು. ಮ್ಯಾನೇಜರ್ ಸೀದಾ ಪಾಸ್ಕಲನ ಕೈ ಕುಲುಕಿದ. ಪಾಸ್ಕಲ್ ಕ್ಯಾಸ್ಮಿರನ ಮುಖ ನೋಡಿದ. ಕ್ಯಾಸ್ಮಿರ್ ಟೀ ತರಲು ಒಳಗೆ ಹೋದ.

ಕಾರು ಹೋದ ಮೇಲೆ ಪಾಸ್ಕಲ್ ಹೊಸ್ತಿಲ ಮೇಲೆ ಕೂತ.

“ನಾನು ಇರಲಿಲ್ಲ ಅಂತ ಹೇಳಿದರೆ ನನಗೆ ಎಕ್ಸಿಟ್, ಕೆಲಸ ಬಿಡಿಸಿ ಊರಿಗೆ ಕಳಿಸ್ತಾರೆ. ಸುಳ್ಳು ಸಹಿ ಹಾಕಿದ್ದಕ್ಕೆ ನಿನಗೂ ಎಕ್ಸಿಟ್. ಎಂತ ಮಾಡುವುದು ಹೇಳು.”

“ತಗೋ ಮಾರಾಯ” ಅಂದ ಕ್ಯಾಸ್ಮಿರ್. ಅವನಿಗೆ ಪದಕ ಬೇಕೂ ಆಗಿರಲಿಲ್ಲ. ಹದಿನೇಳನೇ ಮನೆಯ ನೆನಪಿರುವಾಗ ಅದನ್ನು ಎದೆಗೆ ಚುಚ್ಚಿಕೊಳ್ಳುವುದು ಹೇಗೆ? ಮದುವೆಯಾಗಿ ನಾಲ್ಕು ತಿಂಗಳು, ಕೆಲಸ ಬೇಕು, ಅಷ್ಟೇ ಇತ್ತು ತಲೆಯಲ್ಲಿ.

“ಒಂದು ದಿನ ಎಲ್ಲರ ಎದುರು ಹೇಳ್ತೇನೆ, ಅದು ಕ್ಯಾಸ್ಮಿರನದ್ದು ಅಂತ” ಅಂದ ಪಾಸ್ಕಲ್. ಕುತ್ತಿಗೆಯ ಸರದಲ್ಲಿದ್ದ ಶಿಲುಬೆಯನ್ನು ಹಿಡಿದುಕೊಂಡಿದ್ದ. “ಸಾಂತ್ ಆಂತೊನಿಯ ಆಣೆ. ನಾವಿಬ್ಬರೂ ಇಲ್ಲಿ ಗಟ್ಟಿಯಾಗಿ ನಿಂತ ಮೇಲೆ.”

ನವೆಂಬರಿನಲ್ಲಿ ರಾಷ್ಟ್ರೀಯ ದಿನದ ಹೊತ್ತಿಗೆ ಮಸ್ಕತ್ತಿನ ಒಂದು ಸಭಾಂಗಣದಲ್ಲಿ ಪದಕ ಕೊಟ್ಟರು. ಕ್ಯಾಸ್ಮಿರ್ ಜೊತೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದ. ವಾಪಸು ಬರುವಾಗ ಪಿಕಪ್ಪಿನಲ್ಲಿ ಪಾಸ್ಕಲ್ ಪೆಟ್ಟಿಗೆ ತೆರೆದು ಅವನ ತೊಡೆಯ ಮೇಲಿಟ್ಟ. ಬೆಳ್ಳಿಯ ಬಿಲ್ಲೆ, ಎರಡು ಬಣ್ಣದ ರಿಬ್ಬನ್ನು, ಖಂಜರ್ ಅನ್ನುವ ಬಾಗುಕತ್ತಿಯ ಗುರುತು. ಕೆಳಗೆ ಸಣ್ಣ ಅರಬ್ಬಿ ಅಕ್ಷರ.

“ಏನು ಬರೆದಿದ್ದಾರೆ?”

ಪಾಸ್ಕಲ್ ಓದಿದ. “ಪ್ರಜೆಗಳ ಸೇವೆಗೆ ಅಂತ.” ಆಮೇಲೆ ಪೆಟ್ಟಿಗೆ ಮುಚ್ಚುತ್ತ, “ಇದು ನಿನ್ನದು ಕ್ಯಾಸ್ಮಿರ್. ನನ್ನ ಹತ್ತಿರ ಇರ್ತದೆ, ಅಷ್ಟೇ.”

ಪದಕದ ಬೆನ್ನಿಗೇ ಬಾಗಿಲುಗಳು ತೆರೆದವು. ಸುಲ್ತಾನರ ಪದಕ ಪಡೆದವನನ್ನು ಗುಡ್ಡದ ಮೇಲೆ ಇಟ್ಟುಕೊಳ್ಳುವುದು ಕಂಪನಿಗೆ ಶೋಭೆಯಲ್ಲ. ಪಾಸ್ಕಲನಿಗೆ ಮಸ್ಕತ್ತಿನ ಕಚೇರಿಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಫ್ಯಾಮಿಲಿ ಸ್ಟೇಟಸ್ ಸಿಕ್ಕಿತು. ಗ್ರೆಟ್ಟಾ ಕೂಸನ್ನು ಎತ್ತಿಕೊಂಡು ಬಂದಳು. ಮೊದಲು ಮಸ್ಕತ್ತಿನ ವಾದಿ ಕಬೀರ್ ಅನ್ನುವ ಪೇಟೆಯಲ್ಲಿ ಎರಡು ಕೋಣೆಯ ಫ್ಲ್ಯಾಟು, ಆಮೇಲೆ ಬೌಷರಿನಲ್ಲಿ ದೊಡ್ಡದು. ಮೊದಲ ವರ್ಷ ಪಾಸ್ಕಲ್ ವಾರಕ್ಕೊಮ್ಮೆ ಎಕ್ಸ್‌ಚೇಂಜಿಗೆ ಫೋನು ಮಾಡುತ್ತಿದ್ದ. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಕ್ರಿಸ್ಮಸ್ಸಿಗೆ.

ಕ್ಯಾಸ್ಮಿರ್ ಗುಡ್ಡದ ಮೇಲೆ ಇನ್ನೂ ಮೂರು ವರ್ಷ ಇದ್ದ. ಜೊತೆಗೆ ಕೇರಳದವನೊಬ್ಬ ಬಂದ, ಒಳ್ಳೆಯ ಮನುಷ್ಯ. ಆದರೆ ತಾರಸಿಯ ಮೇಲೆ ಕೂತು ಮಾತಾಡುವ ಮನಸ್ಸು ಕ್ಯಾಸ್ಮಿರನಿಗೆ ಮತ್ತೆ ಆಗಲಿಲ್ಲ. ತೊಂಬತ್ತರಲ್ಲಿ ಹೊಸ ಡಿಜಿಟಲ್ ಯಂತ್ರ ಬಂತು. ಅದನ್ನು ಮಸ್ಕತ್ತಿನಲ್ಲೇ ಕೂತು ನಡೆಸಬಹುದಂತೆ. ಹಳೆಯ ಯಂತ್ರದ ಜೊತೆ ಹಳೆಯ ರಿಜಿಸ್ಟರುಗಳನ್ನೂ ಲಾರಿಗೆ ಹಾಕಿಕೊಂಡು ಹೋದರು. ಕ್ಯಾಸ್ಮಿರ್ ವೀಸಾ ಕೊಡುವ ಬೇರೆ ಕಫೀಲನನ್ನು ಹುಡುಕಿಕೊಂಡು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಫೋನು ರಿಪೇರಿ ಅಂಗಡಿ ಸೇರಿದ. ಮರುವರ್ಷ ಹೆಂಡತಿ ಮಾರ್ಸೆಲಿನ್‌ಗೆ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸ ಸಿಕ್ಕಿ, ಅವಳು ತನ್ನದೇ ವೀಸಾದ ಮೇಲೆ ಮಗಳು ಇವ್ಲಿನ್‌ಳನ್ನು ಕರೆದುಕೊಂಡು ಬಂದಳು. ಮಾರ್ಸೆಲಿನ್ ಎಣ್ಣೆಯಲ್ಲಿ ಬಿದ್ದ ಸಾಸಿವೆಯಂಥ ಹೆಂಗಸು, ಸುಮ್ಮನಿರುವವಳಲ್ಲ. ಅವಳಿಗೆ ಗಂಡ ಪದಕದ ಹಿಂದಿನ ನಿಜ ಹೇಳಿರಲಿಲ್ಲ. ಪಾಸ್ಕಲ್ ಎಲ್ಲರ ಎದುರು ಹೇಳುವ ದಿನ ಅವಳೂ ಕೇಳಲಿ ಅಂತ ಇಟ್ಟುಕೊಂಡಿದ್ದ. ಹಾಗೆ ಇಟ್ಟುಕೊಂಡು ಎಂಟು ವರ್ಷವಾಯಿತು.

ತೊಂಬತ್ತೈದು ಬಂತು. ಸುಲ್ತಾನರ ಆಳ್ವಿಕೆಗೆ ಇಪ್ಪತ್ತೈದು ವರ್ಷ. ಊರೆಲ್ಲ ದೀಪ, ಬಾವುಟ. ಒಂದು ಮಧ್ಯಾಹ್ನ ಏಳು ವರ್ಷದ ಇವ್ಲಿನ್ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಹೇಳಿದಳು, “ಡ್ಯಾಡಾ, ಪಾಸ್ಕಲ್ ಅಂಕಲ್ ಕೇಮ್ ಟು ಅವರ್ ಸ್ಕೂಲ್! ಹೀ ಈಸ್ ಎ ಹೀರೋ!”

“ಹೌದಾ ಪುತ್ತಾ?”

“ಹೀ ಸೇವ್ಡ್ ಫಾರ್ಟಿ ಹೌಸಸ್. ವಿತ್ ಎ ಟೆಲಿಫೋನ್!” ಆಮೇಲೆ ಕುರ್ಚಿಯ ಮೇಲೆ ಹತ್ತಿ ನಿಂತು, ಚಪ್ಪಲಿಯನ್ನು ಕಿವಿಗೆ ಹಿಡಿದು ಕೂಗಿದಳು, “ವಾದಿ! ವಾದಿ ಜಾಯಿ! ಫೌಕ್, ಫೌಕ್!”

ಕ್ಯಾಸ್ಮಿರ್ ಟೀ ಲೋಟ ಕೆಳಗಿಟ್ಟ. ಪಾಸ್ಕಲನ ಅರಬ್ಬಿ ಎಂಥದ್ದೆಂದು ಅವನಿಗೆ ಗೊತ್ತಿತ್ತು. ಅವನೇ ಆ ಫೋನಿನಲ್ಲಿ ಮಾತಾಡಿದ್ದರೆ ಚೆಂದದ ವಾಕ್ಯ ಹೇಳುತ್ತಿದ್ದ. ಆ ಹರಕು ಮುರುಕು ಶಬ್ದ ತನ್ನದು. ಅದನ್ನೂ ತೊದಲಿನ ಸಮೇತ ತೆಗೆದುಕೊಂಡು ಹೋಗಿ, ಮಕ್ಕಳನ್ನು ನಗಿಸಿ, ಈಗ ತನ್ನ ಮಗಳ ಬಾಯಿಗೇ ಹಾಕಿದ್ದ.

ಆ ಸಂಜೆ ಅವನು ಮಾರ್ಸೆಲಿನ್‌ಗೆ ಎಲ್ಲ ಹೇಳಿದ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ ಪಾಸ್ಕಲನನ್ನು ಬೈಯುತ್ತಾಳೆ ಅಂದುಕೊಂಡಿದ್ದ. ಬೈಯಲಿಲ್ಲ.

“ಎಂಟು ವರ್ಷ ನನಗೆ ಹೇಳಲಿಲ್ಲ.”

“ಅವನು ಆಣೆ ಹಾಕಿದ್ದ.”

“ಅವನ ಆಣೆ ನಿನಗೆ ದೊಡ್ಡದಾಯಿತು. ಇಗರ್ಜಿಯಲ್ಲಿ ನನ್ನ ಕೈ ಹಿಡಿದು ಹೇಳಿದ್ದು ಸಣ್ಣದಾಯಿತು.” ಅವಳು ಬಟ್ಟೆಯ ರಾಶಿಯನ್ನು ಬದಿಗೆ ತಳ್ಳಿದಳು. “ಗ್ರೆಟ್ಟಾ ಬಂದು ಎಂಟು ವರ್ಷ, ನಾನು ಬಂದು ನಾಲ್ಕು. ನಡುವಿನ ನಾಲ್ಕು ವರ್ಷ ನಾನು ಶಿರ್ವದಲ್ಲಿ ನಿನ್ನ ಕಾಗದ ಕಾಯ್ತಾ ಇದ್ದೆ. ಆ ವರ್ಷಗಳನ್ನೂ ಅವನಿಗೇ ಕೊಟ್ಟೆಯಲ್ಲ, ನನ್ನನ್ನು ಒಂದು ಮಾತು ಕೇಳಿದೆಯಾ?”

ಅವಳು ಬಿಟ್ಟ ಬಟ್ಟೆಯನ್ನು ಅವನು ಮಡಚತೊಡಗಿದ.

ಡಿಸೆಂಬರಿನಲ್ಲಿ ಊರಿನವರ ಸಂಘ ಒಂದು ಸಭಾಂಗಣ ಬಾಡಿಗೆಗೆ ಹಿಡಿದು ರಜತೋತ್ಸವದ ಕಾರ್ಯಕ್ರಮ ಇಟ್ಟಿತು. ಉಡುಪಿಯವರು, ಮಂಗಳೂರಿನವರು, ಬೆಂಗಳೂರು ಮೈಸೂರು ಕಡೆಯವರೂ ಸೇರಿ ಮುನ್ನೂರು ಜನ. ವೇದಿಕೆಯಲ್ಲಿ ಮುಖ್ಯ ಅತಿಥಿ ಪಾಸ್ಕಲ್. ಕೋಟಿನ ಮೇಲೆ ಪದಕ. ಮಾರ್ಸೆಲಿನ್‌ಗೆ ಬರುವ ಮನಸ್ಸಿರಲಿಲ್ಲ, ಇವ್ಲಿನ್ ಡ್ಯಾನ್ಸಿನಲ್ಲಿದ್ದಳು ಅಂತ ಬಂದಿದ್ದಳು. ಕ್ಯಾಸ್ಮಿರ್ ಅವಳ ಪಕ್ಕದಲ್ಲಿ, ಆರನೇ ಸಾಲಿನಲ್ಲಿ ಕೂತ. ಇಂದಾದರೂ ಹೇಳುತ್ತಾನೇನೋ ಎಂಬ ಆಸೆ ಅವನಲ್ಲಿ ಇನ್ನೂ ಸತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಹಬ್ಬ, ಎಲ್ಲರೂ ಇದ್ದಾರೆ. ಇದಕ್ಕಿಂತ ಒಳ್ಳೆಯ ದಿನ ಬೇಕೇ?

ಪಾಸ್ಕಲ್ ಚೆನ್ನಾಗಿ ಮಾತಾಡಿದ. ಕನ್ನಡದಲ್ಲಿ ಶುರುಮಾಡಿ, ನಡುವೆ ಕೊಂಕಣಿಯ ಒಗ್ಗರಣೆ ಹಾಕಿ, ಜನರನ್ನು ನಗಿಸಿ, ನೀರು ಬಂದ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದ. ಮೀನು ಸಾರಿಗೆ ಹುಣಿಸೆ ಹಿಂಡುತ್ತಿದ್ದದ್ದನ್ನೂ ಬಿಡಲಿಲ್ಲ. ಕ್ಯಾಸ್ಮಿರ್ ಅದೆಲ್ಲವನ್ನೂ ನುಂಗಿಕೊಂಡ. ಆಮೇಲೆ ಪಾಸ್ಕಲ್ ಕರವಸ್ತ್ರ ತೆಗೆದ.

“ನಲವತ್ತು ಮನೆ ಅಂತ ನೀವು ಚಪ್ಪಾಳೆ ಹೊಡೀತೀರಿ. ಪಟ್ಟಿಯಲ್ಲಿ ನಲವತ್ತೊಂದು ಇತ್ತು. ಹದಿನೇಳನೇ ನಂಬರು ಒಬ್ಬಳು ಅಜ್ಜಿಯದ್ದು. ಅವಳಿಗೆ ಮಂಡಿನೋವು. ಒಂದು ಉದ್ದ ವೈರು ತಂದು ಹಾಕ್ತೇನೆ ಅಂದಿದ್ದೆ, ಹಾಕಲಿಲ್ಲ. ನಾನು ಆರೇ ಆರು ರಿಂಗು ಬಿಟ್ಟೆ. ಹತ್ತು ಬಿಟ್ಟಿದ್ದರೆ ಎತ್ತುತ್ತಿದ್ದಳೋ ಏನೋ.”

ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಪಾಸ್ಕಲನ ಕಣ್ಣಲ್ಲೂ ನಿಜವಾದ ನೀರು.

ಕ್ಯಾಸ್ಮಿರ್ ಎದ್ದು ನಿಂತಿದ್ದ. ಎದ್ದದ್ದು ಅವನಿಗೇ ಗೊತ್ತಾಗಿರಲಿಲ್ಲ. “ಆರು ರಿಂಗು ನನ್ನದು ಪಾಸ್ಕಲ್” ಅಂದ. ದನಿ ಸಣ್ಣದಾಗಿ ಬಂತು. ಇನ್ನೊಮ್ಮೆ ಗಟ್ಟಿಯಾಗಿ, “ಅದು ನನ್ನದು. ಅದನ್ನು ನಾನು ನಿನಗೆ ಕೊಟ್ಟಿರಲಿಲ್ಲ.”

ಮುನ್ನೂರು ತಲೆ ತಿರುಗಿತು. ಯಾರೋ ಒಬ್ಬರು ಕಿಸಕ್ಕೆಂದರು. ಹಿಂದಿನಿಂದ, “ಕುಡಿದು ಬಂದಿದ್ದಾನಾ?” ಅಂತ ಕೇಳಿತು. ಸಂಘದ ಅಧ್ಯಕ್ಷರು, ಮೈಸೂರಿನ ರಾಜಗೋಪಾಲ ಅನ್ನುವವರು, ಕೈ ಎತ್ತಿ, “ದಯವಿಟ್ಟು ಕೂತ್ಕೊಳ್ಳಿ, ಕಾರ್ಯಕ್ರಮ ಆದ್ಮೇಲೆ ಮಾತಾಡೋಣ” ಅಂದರು.

ವೇದಿಕೆಯ ಮೇಲೆ ಪಾಸ್ಕಲನ ಮುಖ ಒಂದು ಗಳಿಗೆ ಬೆಳ್ಳಗಾಯಿತು. ಒಂದೇ ಗಳಿಗೆ. ಆಮೇಲೆ ಅವನು ಎರಡೂ ಕೈ ಚಾಚಿದ.

“ಅವನು ಕ್ಯಾಸ್ಮಿರ್, ನನ್ನ ಹಳೆಯ ರೂಮ್‌ಮೇಟ್. ನನಗಿಂತ ಮೆತ್ತಗಿನ ಮನಸ್ಸು. ನನ್ನ ದುಃಖವನ್ನೂ ತನ್ನದೇ ಅಂದುಕೊಂಡವನು. ಇಂಥ ಗೆಳೆಯ ಎಷ್ಟು ಜನರಿಗೆ ಸಿಗ್ತಾನೆ ಹೇಳಿ? ಅವನಿಗೊಂದು ಚಪ್ಪಾಳೆ ಕೊಡಿ.”

ಇಡೀ ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಅದರ ನಡುವೆ ಕ್ಯಾಸ್ಮಿರ್ ನಿಂತೇ ಇದ್ದ. ಮಾರ್ಸೆಲಿನ್ ಅವನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಆ ಹೊತ್ತಿನಲ್ಲಿ ಅವಳು ತನ್ನ ಸಿಟ್ಟನ್ನು ಬದಿಗಿಟ್ಟಿದ್ದಳು ಅಂತ ಅವನಿಗೆ ಅರ್ಥವಾದದ್ದು ಬಹಳ ದಿನದ ಮೇಲೆ.

ಮರುದಿನ ಅವನು ಬೌಷರಿಗೆ ಹೋದ. ಗ್ರೆಟ್ಟಾ ಬಾಗಿಲು ತೆರೆದು, ಮುಖ ನೋಡಿ, ಒಳಗೆ ಹೋದಳು. ಪದಕ ಆಗಲೇ ಗಾಜಿನ ಪೆಟ್ಟಿಗೆಗೆ ಮರಳಿತ್ತು, ಟೀವಿಯ ಮೇಲೆ. ಪಾಸ್ಕಲ್ ಸೋಫಾದಿಂದ ಎದ್ದು ಅದನ್ನು ತೆಗೆದು ಅವನ ಎದುರು ಹಿಡಿದ.

“ಇದಕ್ಕಲ್ವಾ ಬಂದದ್ದು? ತಗೋ. ತಗೊಂಡು ಹೋಗು.”

“ಅದು ಬೇಡ. ಹದಿನೇಳನೇ ನಂಬರು ವಾಪಸು ಕೊಡು. ಇನ್ನು ಮೇಲೆ ಆ ಅಜ್ಜಿಯ ವಿಷಯ ನಿನ್ನ ಬಾಯಲ್ಲಿ ಬರಬಾರದು.”

ಪಾಸ್ಕಲ್ ಪೆಟ್ಟಿಗೆ ಕೆಳಗಿಟ್ಟ. ಅವನಿಗೆ ನಿಜವಾಗಿಯೂ ಸೋಜಿಗವಾದ ಹಾಗಿತ್ತು. “ಎಷ್ಟು ಸಲ ಹೇಳಿದ್ದೇನೆ ಗೊತ್ತುಂಟಾ ಕ್ಯಾಸ್ಮಿರ್? ಈಗ ನನಗೇ ಕೇಳ್ತದೆ ಆ ರಿಂಗು. ಸುಳ್ಳಲ್ಲ.”

“ಕೇಳಲಿಕ್ಕೆ ನೀನು ಅಲ್ಲಿ ಇರಲಿಲ್ಲ.”

“ರಿಜಿಸ್ಟರಿನಲ್ಲಿ ಇದ್ದೆ. ಬರೆದವನು ನೀನೇ.”

“ನೀನು ಆಣೆ ಹಾಕಿದ್ದಿ.”

“ಆಣೆ ಹಾಕಿದ ಪಾಸ್ಕಲನಿಗೆ ಇಪ್ಪತ್ತೆಂಟು ವರ್ಷ” ಅಂದ ಪಾಸ್ಕಲ್. “ಈಗ ನನ್ನ ಕೈ ಕೆಳಗೆ ಮೂವತ್ತು ಜನ ಇದ್ದಾರೆ. ಮೂರು ಮಕ್ಕಳು. ಈಗ ಬಾಯಿಬಿಟ್ಟರೆ ಸರಕಾರಕ್ಕೆ ಮೋಸ ಮಾಡಿದ ಹಾಗೆ. ಜೈಲು. ಯಾರಿಗೆ ಲಾಭ? ನಿನಗಾ? ಖಲಾಸ್ ಮಾರಾಯ, ಮುಗಿದುಹೋದ ಕತೆ.”

ಕ್ಯಾಸ್ಮಿರನಿಗೆ ತಾರಸಿಯ ಮೇಲೆ ತನ್ನ ಬೆನ್ನಿಗೆ ಇಟ್ಟ ಆ ಕೈ ನೆನಪಾಯಿತು. ಅದೇ ಕೈ ಈಗ ಬಾಗಿಲಿನ ಹಿಡಿಕೆಯ ಮೇಲಿತ್ತು. ಅವನು ಮೆಟ್ಟಿಲಿಳಿದು ಬಂದ. ಅಲ್ಲಿಂದ ಮುಂದೆ ಇಬ್ಬರೂ ಮಾತಾಡಲಿಲ್ಲ.

ಕ್ರಿಸ್ಮಸ್ ಕಳೆದು ಜನವರಿಯಲ್ಲಿ ಕ್ಯಾಸ್ಮಿರ್ ಒಂದು ದಿನ ಅಂಗಡಿಗೆ ರಜೆ ಹಾಕಿ ಬೆಳಿಗ್ಗೆಯ ಟ್ಯಾಕ್ಸಿಯಲ್ಲಿ ಶಂಸಾಳ ಊರಿಗೆ ಹೋದ. ಜನರೆದುರು ನಿಜ ಹೇಳಿಸುವ ಆಸೆ ಬಿಟ್ಟಿದ್ದ. ಒಬ್ಬ ಮನುಷ್ಯನೆದುರು ತಾನು ಹೇಳಬೇಕಿತ್ತು. ಒಂಬತ್ತು ವರ್ಷದ ಹಿಂದೆಯೇ ಹೇಳಬೇಕಿತ್ತು.

ಖಲ್ಫಾನ್ ಡ್ರೈವರ್ ಕೆಲಸ ಬಿಟ್ಟು ಊರಿಗೆ ಮರಳಿ ತೋಟ ಮಾಡಿಕೊಂಡಿದ್ದ. ಗಡ್ಡ ನರೆತಿತ್ತು. ಹೊಸ ಮನೆಯನ್ನು ವಾದಿಯಿಂದ ದೂರ, ಎತ್ತರದಲ್ಲಿ ಕಟ್ಟಿಸಿದ್ದ. ಮಸ್ಕತ್ತಿನಲ್ಲಿ ಇದ್ದವನಾದ್ದರಿಂದ ಹಿಂದಿ ಬರುತ್ತಿತ್ತು. ಬಂದವನು ಯಾರು, ಏಕೆ ಎಂದು ಕೇಳದೆ ಒಳಗೆ ಕೂರಿಸಿ ಖರ್ಜೂರ ಇಟ್ಟು, ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿದ.

ಕ್ಯಾಸ್ಮಿರ್ ಬಟ್ಟಲು ಮುಟ್ಟಲಿಲ್ಲ. “ನಿಮ್ಮ ತಾಯಿಯ ವಿಷಯ” ಅಂದ. “ಆ ದಿನ ಫೋನು ಮಾಡಿದವನು ನಾನು. ಆರು ರಿಂಗು ಬಿಟ್ಟು ಮುಂದಕ್ಕೆ ಹೋದೆ. ಅವರಿಗೆ ಬರಲು ಹೊತ್ತು ಬೇಕೆಂದು ಗೊತ್ತಿದ್ದೂ ಹೋದೆ. ವೈರು ತರ್ತೇನೆ ಅಂತ ಹೇಳಿ ತರಲಿಲ್ಲ. ಮಾಫಿ ಕೇಳಲು ಬಂದಿದ್ದೇನೆ.”

ಖಲ್ಫಾನ್ ಕಾಫಿಯ ಕೂಜ ಹಿಡಿದೇ ಅವನನ್ನು ನೋಡಿದ. ಆಮೇಲೆ ಎದ್ದು, ಗೋಡೆಯಲ್ಲಿ ತೂಗುಹಾಕಿದ್ದ ಕಟ್ಟು ಹಾಕಿಸಿದ ಫೋಟೋವನ್ನು ತಂದು ಅವನ ಮುಂದೆ ಇಟ್ಟ. ಪತ್ರಿಕೆಯ ಫೋಟೋ. ಅದರಲ್ಲಿ ಪಾಸ್ಕಲ್ ಖಲ್ಫಾನನ ಎರಡೂ ಕೈ ಹಿಡಿದು ತಲೆ ಬಗ್ಗಿಸಿದ್ದ. ಕೋಟಿನ ಮೇಲೆ ಪದಕ ಎದ್ದು ಕಾಣುತ್ತಿತ್ತು.

“ಇವನು ನವೆಂಬರಿನಲ್ಲಿ ಬಂದಿದ್ದ” ಅಂದ ಖಲ್ಫಾನ್. “ಪತ್ರಿಕೆಯವರೂ ಬಂದಿದ್ದರು. ಇದೇ ಮಾತು ಹೇಳಿದ. ಆರು ರಿಂಗು, ವೈರು, ಎಲ್ಲ. ಅತ್ತ. ನನಗೂ ಅಳು ಬಂತು. ತಾಯಿಯ ಹೆಸರಿನಲ್ಲಿ ಮಾಫಿ ಕೊಟ್ಟೆ.”

ಕ್ಯಾಸ್ಮಿರ್ ಫೋಟೋವನ್ನು ಬದಿಗೆ ಸರಿಸಿದ. “ಅವನು ಅಲ್ಲ. ಅವನು ಆ ದಿನ ಮಸ್ಕತ್ತಿನಲ್ಲಿದ್ದ. ನಾನು...”

“ಸುಲ್ತಾನರು ಪದಕ ಕೊಟ್ಟದ್ದು ಅವನಿಗೆ.”

“ಹೌದು. ಆದರೆ...”

“ಒಂಬತ್ತು ವರ್ಷ ಎಲ್ಲಿದ್ದೆ ನೀನು?”

ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು. ಕ್ಯಾಸ್ಮಿರ್ ರಿಜಿಸ್ಟರಿನ ಕತೆ, ಸಹಿಯ ಕತೆ ಹೇಳಲು ಬಾಯಿ ತೆರೆದ. ತನ್ನ ಕಿವಿಗೇ ಅದು ಹೇಗೆ ಕೇಳುತ್ತದೆಂದು ತಿಳಿದು ಅರ್ಧಕ್ಕೆ ನಿಲ್ಲಿಸಿದ. ಪದಕದ ಹಿಂದೆ ತಡವಾಗಿ ಬಂದ ಇನ್ನೊಬ್ಬ ಪರದೇಶಿ, ಅಷ್ಟೇ ಆಗಿ ಕಾಣುತ್ತಿದ್ದ ತಾನು.

“ನೋಡು ಭಾಯಿ” ಅಂದ ಖಲ್ಫಾನ್. “ನೀನು ಹೇಳುವುದು ನಿಜ ಇರಬಹುದು, ಇಲ್ಲದಿರಬಹುದು. ಅಲ್ಲಾಹನಿಗೆ ಗೊತ್ತು. ನನಗೆ ಇದ್ದದ್ದು ಒಬ್ಬಳೇ ತಾಯಿ. ಅವಳ ಸಾವಿಗೆ ಒಂದು ಸಲ ಮನಸ್ಸು ಬಿಚ್ಚಿ ಮಾಫಿ ಕೊಟ್ಟು, ಬಾಗಿಲು ಹಾಕಿದ್ದೇನೆ. ಮತ್ತೆ ತೆರೆಯಲು ಹೇಳಬೇಡ. ಕಾಫಿ ಕುಡಿ, ಆರಿಹೋಗ್ತದೆ.”

ಕ್ಯಾಸ್ಮಿರ್ ಕುಡಿದ. ಖಲ್ಫಾನ್ ಎರಡನೆಯ ಸಲ ಬಗ್ಗಿಸಿದ, ಮೂರನೆಯ ಸಲವೂ; ಯಾವ ಅತಿಥಿಗಾದರೂ ಅಲ್ಲಿ ಮೂರು ಬಟ್ಟಲು ವಾಡಿಕೆ. ಕತ್ತಲಾಗುವ ಮೊದಲು ಮನೆ ಮುಟ್ಟು ಅಂತ ಹೇಳಿ, ಒಂದು ಡಬ್ಬಿ ಖರ್ಜೂರ ಕೊಟ್ಟು, ರಸ್ತೆಯ ತನಕ ಬಂದು ಟ್ಯಾಕ್ಸಿ ನಿಲ್ಲಿಸಿಕೊಟ್ಟ. ಅತಿಥಿಗೆ ಮಾಡಬೇಕಾದ ಮರ್ಯಾದೆಯಲ್ಲಿ ಒಂದು ಎಳ್ಳಿನಷ್ಟೂ ಕಡಿಮೆ ಮಾಡಲಿಲ್ಲ.

ಮನೆಗೆ ಮುಟ್ಟಿದಾಗ ಸಂಜೆ. ಮಾರ್ಸೆಲಿನ್ ಕ್ಲಿನಿಕ್ಕಿನಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಡಬ್ಬಿ ನೋಡಿದಳು, ಅವನ ಮುಖ ನೋಡಿದಳು.

“ಸಿಕ್ಕಿದರಾ?”

“ಸಿಕ್ಕಿದರು.”

“ಹೇಳಿದಿಯಾ?”

“ಹೇಳಿದೆ.”

“ನಂಬಿದರಾ?”

ಕ್ಯಾಸ್ಮಿರ್ ಚಪ್ಪಲಿ ಬಿಚ್ಚಿ ಗೋಡೆಗೆ ಒರಗಿಸಿಟ್ಟ. “ಮೂರು ಸಲ ಕಾಫಿ ಕೊಟ್ಟರು” ಅಂದ.